ನಿಮಗಿದು ಗೊತ್ತೆ? ರೋಗಿಯೇ ಇಟ್ಟ ಹೆಸರು

ಕಾಯಿಲೆಗೆ ಹೆಸರಿಡುವವರು ಸಾಮಾನ್ಯವಾಗಿ ವೈದ್ಯರು. ‘ಲಾಂಗ್ ಕೋವಿಡ್’ ಮಾತ್ರ ಹಾಗಲ್ಲ. 2020ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ಇದನ್ನು ಹ್ಯಾಶ್‌ಟ್ಯಾಗ್ ಆಗಿ ಬಳಕೆಗೆ ತಂದವರು ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ. ಸ್ವತಃ ಕೋವಿಡ್ ಸೋಂಕಿನಿಂದ ನರಳಿದವರು.

ಕೋವಿಡ್ ಜ್ವರ ಬಿಟ್ಟರೂ ಸುಸ್ತು ಬಿಡದು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಾತಿನ ನಡುವೆ ಗೊತ್ತಿರುವ ಪದವೇ ನೆನಪಾಗದು. ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಬಂದರೆ, ಹೆಸರಿಲ್ಲದ ಈ ಸಂಕಟವನ್ನು ನಂಬುವವರು ಯಾರು? ಹೀಗೆ ನರಳುವವರಿಗೆ ಹೆಸರು ಸಿಕ್ಕಿದ್ದೇ ದೊಡ್ಡ ಆಸರೆ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದಲ್ಲಿ ಇದಕ್ಕೆ ‘ಯು09’ ಎಂಬ ಸಂಕೇತ ಕೊಟ್ಟಿತು. 2021ರ ಅಕ್ಟೋಬರ್ 6ರಂದು ವ್ಯಾಖ್ಯೆಯೂ ಬಂತು: ಸಾಮಾನ್ಯವಾಗಿ ಕೋವಿಡ್ ಶುರುವಾದ 3 ತಿಂಗಳ ಹೊತ್ತಿಗೆ ಕಾಣಿಸುವ, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾರಣ ಸಿಗದ ಲಕ್ಷಣಗಳು. ಸಂಸ್ಥೆಯ ಕಡತದಲ್ಲಿ ಇದರ ಹೆಸರು ‘ಕೋವಿಡ್ ನಂತರದ ಸ್ಥಿತಿ’.