ಆಯಸ್ಕಾಂತ ಕೊಳಕನ್ನು ಎಳೆಯುವುದಿಲ್ಲ

ನೀರು ತಿಳಿಯಾಗಿದ್ದರೆ ಅದರಲ್ಲಿ ಏನೂ ಉಳಿದಿಲ್ಲ ಎಂದು ನಂಬುವವರೇ ಹೆಚ್ಚು. ಶುದ್ಧೀಕರಣ ಘಟಕ ಕಸ, ಕೆಸರು, ನಾತ ತೆಗೆದ ಮೇಲೂ ನೀರಲ್ಲಿ ಕರಗಿದ ರಂಜಕ ಉಳಿದಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ, ಕೆ.ಆರ್. ಪೇಟೆಯಲ್ಲಿ ಹೇಮಾವತಿ, ಊರ ನೀರು ಕೊನೆಗೆ ಸೇರುವುದು ಹೊಳೆಯನ್ನೇ. ರಂಜಕ ಕಳೆಗೂ ಗೊಬ್ಬರವೇ; ಕೆರೆ ತುಂಬ ಅಂತರಗಂಗೆ ಹಬ್ಬಿದ್ದರೆ ಅಲ್ಲಿ ರಂಜಕ, ಸಾರಜನಕ ಬೇಕಾದಷ್ಟಿದೆ ಎಂದೇ ತಿಳಿಯಿರಿ.

‘ಅಂತರಗಂಗೆಯೇ ನೀರು ಶುದ್ಧ ಮಾಡುತ್ತೆ ಬಿಡಿ’ ಎನ್ನುವ ಮಾತು ಅರ್ಧ ನಿಜ. ಹೀರಿಕೊಳ್ಳುವುದೇನೋ ನಿಜ, ಆದರೆ ಕಿತ್ತು ದಡಕ್ಕೆ ಹಾಕದಿದ್ದರೆ ಅಲ್ಲೇ ಕೊಳೆತು ಹೀರಿದ್ದನ್ನು ವಾಪಸು ಬಿಡುತ್ತದೆ.

ಈ ರಂಜಕ ಪುಕ್ಕಟೆಯದಲ್ಲ. ಡಿಎಪಿ ಮೂಟೆಯ ಮೇಲೆ 18-46 ಎಂದಿರುತ್ತದಲ್ಲ, ಆ 46 ರಂಜಕದ ಆಕ್ಸೈಡ್ ಲೆಕ್ಕ. 50 ಕೆ.ಜಿ. ಮೂಟೆಯಲ್ಲಿ ಬರೀ ರಂಜಕ ಸುಮಾರು 10 ಕೆ.ಜಿ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು ಅರ್ಧ ಕೆ.ಜಿ. ಹೋಗುತ್ತದೆ. ಮೂಗು ಮುಚ್ಚಿಕೊಂಡೇ ಲೆಕ್ಕ ಹಾಕಿ: ಇಪ್ಪತ್ತು ಜನಕ್ಕೆ ಒಂದು ಮೂಟೆ. ರಂಜಕಕ್ಕಾಗಿ ನಾವು ಹೆಚ್ಚಾಗಿ ನಂಬಿರುವುದು ಹೊರದೇಶಗಳನ್ನೇ.

ನೀರಿನಲ್ಲಿ ಕರಗಿದ ಈ ರಂಜಕವನ್ನು ಹಿಡಿಯಲು ಆಯಸ್ಕಾಂತ ಬಳಸುತ್ತಾರೆ ಎಂದೊಡನೆ ಕೊಳಕೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತದೆ ಎಂದುಕೊಳ್ಳುವವರುಂಟು. ರಂಜಕ ಆಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ ಮತ್ತು ಫ್ರಾನ್‌ಹೋಫರ್ ಸಂಸ್ಥೆಯವರು ಇದಕ್ಕಾಗಿ ರೂಪಿಸಿದ ಸಣ್ಣ ಕಣದ ಒಳಗೆ ಆಯಸ್ಕಾಂತ ಎಳೆಯುವ ಮ್ಯಾಗ್ನೆಟೈಟ್ ಮತ್ತು ಸಿಲಿಕಾ ಇದೆ. ಮೇಲೆ ಸತು, ಕಬ್ಬಿಣ, ಜಿರ್ಕೋನಿಯಂ ಸೇರಿದ ಲೇಪ. ರಂಜಕವನ್ನು ಹಿಡಿಯುವುದು ಈ ಲೇಪ. ಆಯಸ್ಕಾಂತದ ಕೆಲಸ ಕಣವನ್ನು ನೀರಿನಿಂದ ಎತ್ತುವುದಷ್ಟೆ.

ಒಮ್ಮೆ ಬಳಸಿದರೆ ಕಣ ಮುಗಿಯಿತು ಎಂಬುದೂ ಸುಳ್ಳು. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದರೆ ರಂಜಕವನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವೇ ಕಣಗಳನ್ನು 20 ಸುತ್ತು ಬಳಸಿದ್ದರು.

ಹಾಗಂತ ಎಲ್ಲ ಕಡೆಗೂ ಇದೇ ಮದ್ದಲ್ಲ. ಪಟ್ಟಣದ ನೀರು ಒಂದೇ ಪೈಪಿನಲ್ಲಿ ಹೊರಬರುವ ಕಡೆ ಇದು ಸರಿ. ಒಳಚರಂಡಿಯೇ ಇಲ್ಲದ ನಾಗಮಂಗಲದ ಹಳ್ಳಿಗೆ ಎರಡು ಗುಂಡಿಯ ಶೌಚಾಲಯ ಸಾಕು; ತುಂಬಿದ ಗುಂಡಿಯನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಗೊಬ್ಬರ. ಇನ್ನು ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳಿಂದ ಹರಿದುಹೋಗುವ ರಂಜಕವನ್ನು ಯಾವ ಆಯಸ್ಕಾಂತದಿಂದಲೂ ಎತ್ತಲಾಗದು. ಮುಂದಿನ ಬೆಳೆಗೆ ಡಿಎಪಿ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿದೆ ಎಂದು ಬಂದರೆ ಮೂಟೆ ಕಡಿಮೆ ಮಾಡಿ.