ಏರುವ ಗಾಜಿಗೆ ಬೆರಳು ಅಡ್ಡ ಬಂದಾಗ

ಕಾರಿನ ಪವರ್ ವಿಂಡೋವನ್ನು ನಡೆಸುವುದು ಬಾಗಿಲಿನ ಹೊಟ್ಟೆಯೊಳಗೆ ಕುಳಿತಿರುವ 12 ವೋಲ್ಟಿನ ಒಂದು ಪುಟ್ಟ ಮೋಟಾರು. ಸ್ವಿಚ್ಚನ್ನು ಎತ್ತಿದರೆ ಅದರಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಹರಿಯುತ್ತದೆ, ಒತ್ತಿದರೆ ಎದುರು ದಿಕ್ಕಿಗೆ. ಗಾಜು ಅದರಂತೆ ಏರುತ್ತದೆ ಇಲ್ಲವೆ ಇಳಿಯುತ್ತದೆ. ಮೋಟಾರಿಗೆ ವೇಗ ಹೆಚ್ಚು, ಬಲ ಸಾಲದು. ಹಾಗಾಗಿ ಅದಕ್ಕೆ ಸ್ಕ್ರೂವಿನಂಥ ಸುರುಳಿ ಇರುವ ವರ್ಮ್ ಗೇರು ಜೋಡಿಸಿ ವೇಗ ತಗ್ಗಿಸಿ ಬಲ ಹೆಚ್ಚಿಸುತ್ತಾರೆ. ಅಲ್ಲಿಂದ ಮುಂದೆ ಉಕ್ಕಿನ ಕೇಬಲ್ಲೋ ಮಡಚಿ ಬಿಚ್ಚುವ ತೋಳುಗಳೋ ಗಾಜನ್ನು ಹೊತ್ತು ಸಾಗುತ್ತವೆ.

ಈ ಗೇರಿಗೆ ಇನ್ನೊಂದು ಗುಣವಿದೆ. ಮೋಟಾರು ಗಾಜನ್ನು ಸರಿಸಬಲ್ಲದು, ಆದರೆ ಗಾಜನ್ನು ತಳ್ಳಿ ಮೋಟಾರನ್ನು ತಿರುಗಿಸಲು ಬರುವುದಿಲ್ಲ. ಮುಚ್ಚಿದ ಗಾಜನ್ನು ಹೊರಗಿನಿಂದ ಕೈಯಲ್ಲಿ ಕೆಳಗೆ ಜಗ್ಗಲಾಗದಿರುವುದು ಇದರಿಂದಲೇ. ಕಳ್ಳರ ವಿಷಯದಲ್ಲಿ ಇದು ರಕ್ಷಣೆ. ಆದರೆ ಗಾಜಿಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಮಗುವಿನ ಕೈಯೋ ಕುತ್ತಿಗೆಯೋ ಸಿಕ್ಕಿಕೊಂಡರೆ ಇದೇ ಗುಣ ಅಪಾಯ ತರುತ್ತದೆ: ಎಷ್ಟು ಬಲ ಹಾಕಿದರೂ ಗಾಜು ಕೆಳಗಿಳಿಯದು.

1940ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ತನ್ನ ಐಷಾರಾಮಿ ಕಾರುಗಳಲ್ಲಿ ಹೈಡ್ರಾಲಿಕ್ ಬಲದಿಂದ ಚಲಿಸುವ ಕಿಟಕಿಗಳನ್ನು ತಂದಿತು. ಅದಕ್ಕೂ ಮೊದಲು, ಮತ್ತು ಅಗ್ಗದ ಕಾರುಗಳಲ್ಲಿ ಬಹುಕಾಲ ಆಮೇಲೂ, ಕೈಹಿಡಿ ತಿರುಗಿಸಿಯೇ ಗಾಜು ಏರಿಸಬೇಕಿತ್ತು. ಏನಾದರೂ ಅಡ್ಡ ಬಂದರೆ ತಿರುಗಿಸುವ ಕೈಗೆ ಅದು ತಕ್ಷಣ ತಿಳಿಯುತ್ತಿತ್ತು. ಸ್ವಿಚ್ ಬಂದಾಗ ಆ ಅರಿವು ಹೋಯಿತು. ಆದರೂ ಬೆರಳು ತೆಗೆದರೆ ಗಾಜು ನಿಲ್ಲುತ್ತಿತ್ತು. ಒಮ್ಮೆ ಎತ್ತಿ ಬಿಟ್ಟರೆ ಸಾಕು, ಗಾಜು ತಾನೇ ಕೊನೆಯವರೆಗೆ ಏರುವ ಸೌಲಭ್ಯ ಬಂದ ಮೇಲೆ ಮನುಷ್ಯನ ಬೆರಳೂ ಸ್ವಿಚ್ಚಿನ ಮೇಲೆ ಉಳಿಯಲಿಲ್ಲ. ಅಡ್ಡಿಯನ್ನು ಗುರುತಿಸುವ ಕೆಲಸ ಯಂತ್ರದ ಪಾಲಿಗೆ ಬಂತು. ಆ್ಯಂಟಿ ಪಿಂಚ್ ಎನ್ನುವುದು ಇದನ್ನೇ.

ಸಾಮಾನ್ಯ ಕಾರುಗಳ ಕಿಟಕಿಯಲ್ಲಿ ಬೆರಳನ್ನು ನೋಡುವ ಕಣ್ಣು ಯಾವುದೂ ಇರುವುದಿಲ್ಲ. ಮೋಟಾರಿನ ನಡಿಗೆ ಗಮನಿಸಿಯೇ ಅಡ್ಡಿಯನ್ನು ಊಹಿಸಬೇಕು. ಮೋಟಾರಿನ ದಂಡಕ್ಕೆ ಒಂದು ಉಂಗುರದಾಕಾರದ ಅಯಸ್ಕಾಂತ, ಪಕ್ಕದಲ್ಲಿ ಹಾಲ್ ಸೆನ್ಸರುಗಳು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ವಿದ್ಯಮಾನವೇ ಇವುಗಳಿಗೆ ಆಧಾರ. ಅಯಸ್ಕಾಂತದ ಧ್ರುವ ಎದುರಿನಿಂದ ಹಾದುಹೋದಾಗಲೆಲ್ಲ ಸೆನ್ಸರು ಒಂದು ಮಿಡಿತ ಕಳಿಸುತ್ತದೆ. ಮಿಡಿತಗಳನ್ನು ಎಣಿಸಿದರೆ ಗಾಜು ಎಲ್ಲಿದೆ ಎಂಬುದು, ಎರಡು ಮಿಡಿತಗಳ ನಡುವಿನ ಅವಧಿ ಅಳೆದರೆ ಎಷ್ಟು ವೇಗವಾಗಿ ಏರುತ್ತಿದೆ ಎಂಬುದು ಗೊತ್ತಾಗುತ್ತದೆ. ಬೆರಳು ಅಡ್ಡ ಬಂದರೆ ಮೋಟಾರು ತಿಣುಕುತ್ತದೆ, ಮಿಡಿತಗಳ ಅಂತರ ಹಿಗ್ಗುತ್ತದೆ. ಮಿಡಿತಗಳನ್ನು ಎಣಿಸುವ ನಿಯಂತ್ರಕ ಕೂಡಲೇ ವಿದ್ಯುತ್ತಿನ ದಿಕ್ಕು ಬದಲಿಸಿ ಗಾಜನ್ನು ಕೆಳಗಿಳಿಸುತ್ತದೆ. ಕೆಲವು ಕಾರುಗಳಲ್ಲಿ ಈ ಸೆನ್ಸರೂ ಇಲ್ಲ. ಮೋಟಾರು ತಿರುಗುವಾಗ ವಿದ್ಯುತ್ತಿನಲ್ಲಿ ಏಳುವ ಸಣ್ಣ ಏರಿಳಿತಗಳನ್ನೇ ಎಣಿಸುತ್ತಾರೆ.

ಕೇಳಲು ಇದು ಸುಲಭ. ನಿಜವಾದ ಜಾಣ್ಮೆ ಬೇಕಾಗುವುದು ಇನ್ನು ಮುಂದೆ. ಮೋಟಾರು ನಿಧಾನವಾಗಲು ಬೆರಳೇ ಬೇಕೆಂದಿಲ್ಲ. ರಬ್ಬರ್ ಬೀಡಿಂಗಿನಲ್ಲಿ ದೂಳು ಕೂತಿರಬಹುದು, ಚಳಿಗೆ ರಬ್ಬರು ಬಿಗಿದಿರಬಹುದು, ಬ್ಯಾಟರಿ ಸೊರಗಿರಬಹುದು, ಗುಂಡಿ ಬಿದ್ದ ರಸ್ತೆಯಲ್ಲಿ ಬಾಗಿಲೇ ಅದುರುತ್ತಿರಬಹುದು. ಪ್ರತಿಯೊಂದಕ್ಕೂ ಬೆಚ್ಚಿದರೆ ಕಿಟಕಿ ಎಂದೂ ಮುಚ್ಚುವುದಿಲ್ಲ. ಎಲ್ಲವನ್ನೂ ಸಹಿಸಿದರೆ ಬೆರಳು ಜಜ್ಜಿಹೋಗುತ್ತದೆ. ಅದಕ್ಕಾಗಿ ನಿಯಂತ್ರಕ ಗಾಜಿನ ದಾರಿಯ ಒಂದೊಂದು ಹಂತದಲ್ಲೂ ಸಹಜವಾಗಿ ಎಷ್ಟು ಪ್ರತಿರೋಧ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ರಬ್ಬರು ಹಳತಾದಂತೆ ಆ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಆ ಲೆಕ್ಕವನ್ನು ಮೀರಿದ ಪ್ರತಿರೋಧ ಮಾತ್ರ ಅಡ್ಡಿ.

ಎಷ್ಟು ಮೀರಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಿತಿ ಇದೆ. ವಿಶ್ವಸಂಸ್ಥೆಯ 21ನೇ ವಾಹನ ನಿಯಮವೂ ಅಮೆರಿಕದ 118ನೇ ಸುರಕ್ಷತಾ ಮಾನದಂಡವೂ ಈ ಸಾಧನಕ್ಕೆ 100 ನ್ಯೂಟನ್ ಎಂಬ ಎಲ್ಲೆ ಹಾಕಿವೆ. ಅದು ಸುಮಾರು 10 ಕಿಲೋ ಭಾರ. ಗಾಜಿನ ಅಂಚಿಗೂ ಚೌಕಟ್ಟಿಗೂ ನಡುವೆ 200 ಮಿಲಿಮೀಟರಿನಿಂದ 4 ಮಿಲಿಮೀಟರಿನವರೆಗಿನ ಯಾವುದೇ ಅಂತರದಲ್ಲಿ ಬಲ ಈ ಎಲ್ಲೆ ದಾಟುವ ಮೊದಲೇ ಗಾಜು ಹಿಂದೆ ಸರಿಯಬೇಕು. ನಾನಾ ದಪ್ಪದ ಸರಳುಗಳನ್ನು ಅಡ್ಡವಿಟ್ಟು ಇದನ್ನು ಪರೀಕ್ಷಿಸುತ್ತಾರೆ. ಕೊನೆಯ 4 ಮಿಲಿಮೀಟರಿಗೆ ಮಾತ್ರ ವಿನಾಯಿತಿ, ಏಕೆಂದರೆ ಅಲ್ಲಿ ಗಾಜು ಬಲ ಹಾಕಿಯೇ ರಬ್ಬರಿನೊಳಗೆ ಕೂರಬೇಕು. ಇಲ್ಲವಾದರೆ ಮಳೆ ನೀರು ಒಳಬರುತ್ತದೆ. 10 ಕಿಲೋ ಭಾರ ನೋಯಿಸದೆ ಬಿಡುತ್ತದೆ ಎಂದೇನಲ್ಲ. ಸಾಧನವನ್ನು ಪರೀಕ್ಷಿಸಲು ಯಾರೂ ಕೈ ಒಡ್ಡಬಾರದು. ಸುತ್ತಿದ ಟವೆಲ್ ಸಾಕು.

ಬ್ಯಾಟರಿ ಕಳಚಿದಾಗ ಅನೇಕ ಕಾರುಗಳಲ್ಲಿ ಗಾಜಿನ ದಾರಿಯ ಬಗ್ಗೆ ನಿಯಂತ್ರಕ ಇಟ್ಟುಕೊಂಡ ನೆನಪು ಅಳಿಸಿಹೋಗುತ್ತದೆ. ಆಗ ಸ್ವಿಚ್ ಎತ್ತಿ ಬಿಟ್ಟರೆ ಗಾಜು ಪೂರ್ತಿ ಏರುವುದಿಲ್ಲ. ಗಾಜನ್ನು ಪೂರ್ಣ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಎತ್ತಿ ಹಿಡಿದರೆ ಸಾಮಾನ್ಯವಾಗಿ ನೆನಪು ಮರಳುತ್ತದೆ. ನಿಖರ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ. ಬ್ಯಾಟರಿ ಬದಲಿಸಿದ ಮೆಕ್ಯಾನಿಕ್ ಇದನ್ನು ಮಾಡಿಕೊಟ್ಟನೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಭಾರತದಲ್ಲಿ ಓಡಾಡುವ ಅನೇಕ ಕಾರುಗಳಲ್ಲಿ ಆ್ಯಂಟಿ ಪಿಂಚ್ ಇರುವುದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವ ಹಿಂದಿನ ಕಿಟಕಿಗಳು ಸ್ವಿಚ್ ಹಿಡಿದಷ್ಟು ಹೊತ್ತು ಏರುತ್ತಲೇ ಹೋಗುತ್ತವೆ. ಹೊರಗೆ ಬಗ್ಗಿದ ಮಗುವಿನ ಮೊಣಕಾಲೇ ಸ್ವಿಚ್ಚಿನ ಮೇಲೆ ಬಿದ್ದು ದುರಂತಗಳಾಗಿವೆ. ಇದನ್ನು ತಡೆಯಲೆಂದೇ ಅಮೆರಿಕ 2004ರಲ್ಲಿ ಸ್ವಿಚ್ಚುಗಳ ನಿಯಮ ಬಿಗಿಗೊಳಿಸಿತು. ಬೆರಳಿನಿಂದ ಮೇಲೆಳೆದರೆ ಮಾತ್ರ ಗಾಜು ಏರುವ ಸ್ವಿಚ್ಚುಗಳು ಈಗ ಎಲ್ಲೆಡೆ ಕಾಣುವುದು ಈ ಎಚ್ಚರದ ಫಲ. ಚಾಲಕನ ಬಾಗಿಲಲ್ಲಿರುವ ವಿಂಡೋ ಲಾಕ್ ಬಟನ್ ಒತ್ತಿದರೆ ಹಿಂದಿನ ಸ್ವಿಚ್ಚುಗಳು ಕೆಲಸ ಮಾಡುವುದಿಲ್ಲ. ಹಿಂಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಬೇರೆಯದು. ಅದು ಬಾಗಿಲನ್ನು ಒಳಗಿನಿಂದ ತೆರೆಯದಂತೆ ತಡೆಯುತ್ತದೆ, ಗಾಜನ್ನಲ್ಲ. ವಿಂಡೋ ಲಾಕ್ ಹಾಕಿದ್ದರೂ ಚಾಲಕನ ಬಳಿಯ ಸ್ವಿಚ್ಚುಗಳಿಂದ ಹಿಂದಿನ ಗಾಜು ಏರುತ್ತದೆ. ಆದ್ದರಿಂದ ಅವನ್ನು ಎತ್ತುವ ಮುನ್ನ ಚಾಲಕ ಹಿಂದಿರುಗಿ ನೋಡಬೇಕು, ಕಾರಿನಲ್ಲಿ ಮಕ್ಕಳನ್ನಷ್ಟೇ ಬಿಟ್ಟು ಇಳಿಯಬಾರದು.