ಕುವೈತ್‌ನ ‘ಸಖ್ರ್’, ಕಿನ್ನಿಕಂಬಳದ ರಾವ್: ಕೋಡಿಂಗ್‌ಗೆ ಬಂದ ಎರಡು ದಾರಿ

ಕುವೈತ್: ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಗೆ ಲ್ಯಾಪ್‌ಟಾಪ್ ರಿಪೇರಿಗೆ ಹೋಗುವ ನಮ್ಮವರಲ್ಲಿ ‘ಸಖ್ರ್’ ಹೆಸರು ಕೇಳಿದವರು ಕಡಿಮೆ. ಅರಬ್ಬಿಯಲ್ಲಿ ಬಂಡೆ ಎಂದರ್ಥ. ಆಫೀಸಿನಲ್ಲಿ ನಲವತ್ತು ದಾಟಿದ ಕುವೈತಿಗಳಿದ್ದರೆ ಈ ಹೆಸರು ಹೇಳಿ ನೋಡಿ, ಬಾಲ್ಯದ ಕಥೆ ಶುರುವಾದರೂ ಆದೀತು.

ಸಖ್ರ್ ಹುಟ್ಟಿದ್ದು ಇಲ್ಲೇ. 1982ರಲ್ಲಿ ಮೊಹಮ್ಮದ್ ಅಲ್ ಶಾರೆಖ್ ಅಲ್ ಆಲಮಿಯಾ ಕಂಪನಿ ಕಟ್ಟಿ, ಜಪಾನಿನ ಎಂಎಸ್‌ಎಕ್ಸ್ ಕಂಪ್ಯೂಟರಿಗೆ ಅರಬ್ಬಿ ಕಲಿಸಿದರು. ಅವರು ಎಂಜಿನಿಯರ್ ಅಲ್ಲ. ಕೈರೋದಲ್ಲಿ ಅರ್ಥಶಾಸ್ತ್ರ ಓದಿ, ಕುವೈತ್ ಫಂಡ್‌ನಲ್ಲಿ ಸಾಲ, ಅಭಿವೃದ್ಧಿ ಅಂತ ಕೆಲಸ ಮಾಡಿದವರು. ಲೆಕ್ಕಪತ್ರದವರಿಗೂ ಸ್ವಲ್ಪ ಧೈರ್ಯ ಕೊಡುವ ವಿಷಯವೇ.

ಕೆಲಸ ಸುಲಭದ್ದಲ್ಲ. ಅರಬ್ಬಿ ಬಲದಿಂದ ಎಡಕ್ಕೆ ಓಡುತ್ತದೆ. ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಒಂದೇ ಅಕ್ಷರದ ಆಕಾರ ಬೇರೆ ಬೇರೆ. ಇಷ್ಟನ್ನೂ ಅಂದಿನ ಎಂಟು ಬಿಟ್ ಯಂತ್ರದೊಳಗೆ ಹಿಡಿಸಬೇಕಿತ್ತು. ಗೇಮ್ ಕಾರ್ಟ್ರಿಜ್ ಹಾಕದೆ ಟಿವಿಗೆ ಜೋಡಿಸಿ ಸ್ವಿಚ್ ಒತ್ತಿದರೆ ಬೇಸಿಕ್ ಭಾಷೆ ಸಿದ್ಧವಾಗಿ ಕಾಯುತ್ತಿತ್ತು. 10, 20, 30 ಅಂತ ಸಾಲಿಗೆ ನಂಬರ್ ಹಾಕಿ ಟೈಪ್ ಮಾಡು, ತಪ್ಪಾದರೆ ಯಂತ್ರವೇ ಬಯ್ಯುತ್ತದೆ, ತಿದ್ದು. ಅರಬ್ ಜಗತ್ತಿನ ಎಷ್ಟೋ ಪ್ರೋಗ್ರಾಮರ್‌ಗಳ ಮೊದಲ ಪಾಠ ಹೀಗೆ ಮನೆಯ ಟಿವಿ ಮುಂದೆಯೇ ಆಯಿತು.

1990ರ ಆಗಸ್ಟ್‌ನಲ್ಲಿ ಇರಾಕ್ ನುಗ್ಗಿತು. ಕಂಪನಿ ಕೈರೋಗೆ ಹೋಯಿತು. ಯಂತ್ರದ ವ್ಯಾಪಾರ ಮುಗಿದರೂ ಅರಬ್ಬಿ ಸಾಫ್ಟ್‌ವೇರ್ ಕೆಲಸ ಬಿಡಲಿಲ್ಲ. ಹಳೆಯ ಅರಬ್ಬಿ ಸಾಹಿತ್ಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಸಿಗುವಂತೆ ಮಾಡಿದ ಶಾರೆಖ್, 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇದೇ ಕೆಲಸವನ್ನು ಕನ್ನಡಕ್ಕೆ ಮಾಡಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. 1940ರಲ್ಲಿ ಹುಟ್ಟಿದ ಇವರು ಓದಿದ್ದು ರಸಾಯನಶಾಸ್ತ್ರ. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ ಸೇರಿದ ಮೇಲೆ ಕಂಪ್ಯೂಟರ್ ಸಿಕ್ಕಿತು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿ ಕೆಲಸಕ್ಕೆ ಕೈಜೋಡಿಸಿದರು. ಓದಲು ಬಾರದ ಲಿಪಿಯ ಸಹವಾಸದಿಂದ ಮುದ್ರಣ, ಅಕ್ಷರ ಜೋಡಣೆಯ ಲೋಕಕ್ಕೆ ಹೋಗಿ, ಕೊನೆಗೆ ಕನ್ನಡಕ್ಕೆ ಬಂದರು. ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ.

ಅವರ ಕೀಲಿಮಣೆಯ ಜಾಣತನ ನೋಡಿ. ಒತ್ತಕ್ಷರಕ್ಕೆ ಬೇರೆ ಕೀಲಿಯೇ ಇಲ್ಲ, ನಡುವೆ ‘ಎಫ್’ ಒತ್ತಿದರೆ ಸಾಕು. ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಒತ್ತಿಗೆ ‘ಕನ್ನಡ’ ಮೂಡುತ್ತದೆ. ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳಲ್ಲೇ ಎಲ್ಲ ಮುಗಿಯಿತು. ಇದಕ್ಕೆ ಪೇಟೆಂಟ್ ಮಾಡಿಸದೆ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು, ‘ನುಡಿ’ಯಲ್ಲೂ ಇರುವುದು ಇದೇ ವಿನ್ಯಾಸ. ಬ್ಯಾಲೆನ್ಸ್ ಶೀಟಿನಲ್ಲಿ ಇದನ್ನು ಯಾವ ಕಾಲಂಗೆ ಹಾಕುವುದೋ!

ಅಬ್ಬಾಸಿಯಾದ ಫ್ಲಾಟಿನಲ್ಲೋ ಸಾಲ್ಮಿಯಾದಲ್ಲೋ ಮಗು ಸ್ಕ್ರೀನ್ ಮೇಲೆ ಬೆಕ್ಕಿನ ಚಿತ್ರ ಎಳೆದಾಡುತ್ತಾ ಕೋಡಿಂಗ್ ಕಲಿಯುತ್ತಿದ್ದರೆ, ಒಂದು ಸಂಜೆ ಕನ್ನಡದಲ್ಲಿ ಹೆಸರು ಟೈಪ್ ಮಾಡಿಸಿ. ಆ ‘ಎಫ್’ ಕೀಲಿ ಯಾಕೆ ಅಂತ ಮಗು ಕೇಳಿದರೆ, ಕಿನ್ನಿಕಂಬಳದ ಕಥೆ ಹೇಳಬಹುದು.